ಸಹಾಯ ಬೇಕು: ಚಿಕ್ಕ ಸ್ಪೋರ್ಟ್ಸ್ ಕೂಪೆ ಎಷ್ಟು ತೂಗಬಹುದು?

ಅಣ್ಣಂದಿರೇ, ಅಕ್ಕಂದಿರೇ, ನಮಸ್ಕಾರ. ನಾನು ಗಂಗಾವತಿಯವನು, ಆಟೊಮೊಬೈಲ್ ಡಿಪ್ಲೊಮಾ ಓದ್ತಿದ್ದೀನಿ. ಮುಂದೆ ಬರಲಿರೋ ಎರಡು ಬಾಗಿಲಿನ ಚಿಕ್ಕ ಸ್ಪೋರ್ಟ್ಸ್ ಕಾರು (ಕೂಪೆ) ಎಷ್ಟು ತೂಗಬಹುದು ಅಂತ ಸೆಮಿನಾರಿಗೆ ಅಂದಾಜು ಕಟ್ಟಬೇಕಾಗಿದೆ.

ನನ್ನ ಲೆಕ್ಕ ಹೀಗಿದೆ. 2012ರಲ್ಲಿ ಬಂದ ಟೊಯೋಟಾ 86, 2.0 ಲೀಟರ್ ಎಂಜಿನ್ ಹೊತ್ತು ಸುಮಾರು 1,240 ಕೆಜಿ. ಅದರ ಮುಂದಿನ ತಲೆಮಾರಾದ 2021ರ ಜಿಆರ್86ಕ್ಕೆ 2.4 ಲೀಟರ್ ಎಂಜಿನ್, ಆದರೂ ಸುಮಾರು 1,270 ಕೆಜಿ ಮಾತ್ರ. ನಮ್ಮೂರ 75 ಕೆಜಿ ಭತ್ತದ ಚೀಲದ ಲೆಕ್ಕದಲ್ಲಿ ಹದಿನೇಳು ಚೀಲ! ಛಾವಣಿ, ಬಾನೆಟ್, ಮುಂದಿನ ಚಕ್ರಗಳನ್ನು ಮುಚ್ಚೋ ಫೆಂಡರ್‌ಗಳಿಗೆ ಅಲ್ಯೂಮಿನಿಯಂ ಹಾಕಿದ್ದೇ ತೂಕ ಹೆಚ್ಚು ಏರದಂತೆ ಹಿಡಿದಿದೆ ಅನ್ನೋದು ನನ್ನ ನಂಬಿಕೆ. ಮಾಜ್ಡಾ ಎಂಎಕ್ಸ್-5 ಇನ್ನೂ ಹಗುರ, ಸಾವಿರ ಕೆಜಿಯ ಆಸುಪಾಸು.

ಸಿಕ್ಕಿಬಿದ್ದಿರೋದು ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರೂ ಇರೋ ಹೈಬ್ರಿಡ್‌ನಲ್ಲಿ. ಬ್ಯಾಟರಿ, ಮೋಟರ್, ಬ್ಯಾಟರಿಯ ಕರೆಂಟನ್ನು ಮೋಟರಿಗೆ ಒಗ್ಗಿಸೋ ಇನ್ವರ್ಟರ್ ಸೇರಿದರೆ ಎಷ್ಟು ಕೂಡಿಸಲಿ? ಎಂಜಿನ್ ಚಿಕ್ಕದಾದರೆ ಎಷ್ಟು ಕಳೆಯಲಿ? ಟ್ಯಾಂಕಿನ ಪೆಟ್ರೋಲೂ ಲೆಕ್ಕಕ್ಕೆ ಬರುತ್ತೆ: 50 ಲೀಟರ್ ಅಂದ್ರೆ ಸುಮಾರು 37 ಕೆಜಿ.

ಹೊಸಪೇಟೆ, ಬಳ್ಳಾರಿ ಕಡೆ ಹೈಬ್ರಿಡ್ ಕಾರು ಬಿಚ್ಚಿ ನೋಡಿದ ಮೆಕ್ಯಾನಿಕ್ ಅಣ್ಣಂದಿರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಭಾಗಗಳ ತೂಕ ತಿಳಿಸಿ. ಸೋಮವಾರ ಸೆಮಿನಾರ್ ಇದೆ.