ಮ್ಯೂನಿಕ್‌ನಲ್ಲಿ ಬಾಡಿಗೆ ಕಾರು ಹಿಡಿದು ಆಸ್ಟ್ರಿಯಾ, ಇಟಲಿ: ಏನೇನು ನೋಡ್ಕೋಬೇಕು?

ಕೆಂಪುದೀಪ:
ಜೂನ್‌ನಲ್ಲಿ ಹೊರಡೋದು. ಮ್ಯೂನಿಕ್ ಏರ್‌ಪೋರ್ಟಲ್ಲಿ ಕಾರು ತಗೊಂಡು ಸಾಲ್ಜ್‌ಬರ್ಗ್, ಹಾಲ್‌ಸ್ಟಾಟ್, ಇನ್ಸ್‌ಬ್ರುಕ್, ಬ್ರೆನ್ನರ್ ದಾಟಿ ಫ್ಲಾರೆನ್ಸ್, ಆಮೇಲೆ ವಾಪಸ್ ಮ್ಯೂನಿಕ್‌ಗೇ. ಜೊತೆಗೆ 8 ವರ್ಷದ ಮಗ. ಕರ್ನಾಟಕದ ಡಿಎಲ್ ಸಾಕಾ? ಇನ್ಶೂರೆನ್ಸ್ ಯಾವುದು? ಟೋಲ್ ಹೇಗೆ ಕಟ್ಟೋದು?

ಮೈಲಿಗಲ್ಲು:
ಡಿಎಲ್ ಒಂದೇ ನಂಬ್ಕೊಂಡು ಹೋಗಬೇಡಿ. ಐಡಿಪಿ (ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್) ಮಾಡಿಸಿ. ಪರಿವಾಹನ್ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಕೊಡೋದು ಆರ್‌ಟಿಓ, ಫೀ 1000 ರೂಪಾಯಿ, ಒಂದು ವರ್ಷ ನಡೆಯುತ್ತೆ. ಐಡಿಪಿ ಜೊತೆ ಮೂಲ ಡಿಎಲ್ ಕಾರ್ಡೂ ಕೈಯಲ್ಲಿರಬೇಕು. ಡಿಜಿಲಾಕರ್ ಅಲ್ಲಿ ನಡೆಯಲ್ಲ.

ಜನ ಸಿಕ್ಕಿಹಾಕಿಕೊಳ್ಳೋದು ಹೆಚ್ಚಾಗಿ ಡೆಪಾಸಿಟ್‌ಗೆ ಕೊಡೋ ಕ್ರೆಡಿಟ್ ಕಾರ್ಡಲ್ಲಿ. ಕಾರ್ಡು ಓಡಿಸುವವರ ಹೆಸರಲ್ಲೇ ಇರಬೇಕು. ಹೆಂಡತಿ ಕಾರ್ಡು, ಗಂಡನ ಡಿಎಲ್ ಅಂದ್ರೆ ಕೌಂಟರ್‌ನಲ್ಲೇ ನಿಲ್ಲಿಸ್ತಾರೆ. ಫಾರೆಕ್ಸ್ ಕಾರ್ಡನ್ನ ಡೆಪಾಸಿಟ್‌ಗೆ ಬಹಳ ಕಡೆ ಒಪ್ಪಲ್ಲ. ಹೊರಡೋ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ಆನ್ ಮಾಡಿ, ಲಿಮಿಟ್ ಏರಿಸಿ, ಪಿನ್ ನೆನಪಿಟ್ಟುಕೊಳ್ಳಿ.

ಬುಕಿಂಗ್‌ನಲ್ಲಿ ಸಿ-ಡಿ-ಎಂ-ಆರ್ ಥರ ನಾಲ್ಕಕ್ಷರದ ಕೋಡ್ ಇರುತ್ತೆ. ಮೂರನೇ ಅಕ್ಷರ ಎಂ ಅಂದ್ರೆ ಮ್ಯಾನುಯಲ್, ಎ ಅಂದ್ರೆ ಆಟೊಮ್ಯಾಟಿಕ್. ಬಲಗೈಯಲ್ಲಿ ಗೇರ್ ಹಾಕೋ ಅಭ್ಯಾಸ ಇಲ್ಲದವರು ಎ ತಗೊಳ್ಳಿ, ಆ ದುಡ್ಡು ದಂಡವಲ್ಲ. ಆಸ್ಟ್ರಿಯಾ, ಇಟಲಿಗೆ ಹೋಗ್ತೀವಿ ಅಂತ ಬುಕಿಂಗ್‌ನಲ್ಲೇ ಬರೆಸಿ. ಕೆಲವು ಕಂಪನಿಗಳು ದುಬಾರಿ ಜರ್ಮನ್ ಮಾದರಿಗಳನ್ನ ಇಟಲಿಗೆ ಬಿಡಲ್ಲ. ಅನುಮತಿಯಿಲ್ಲದೆ ಗಡಿ ದಾಟಿದರೆ ಇನ್ಶೂರೆನ್ಸ್ ಕೈಬಿಡಬಹುದು.

ಇನ್ಶೂರೆನ್ಸ್ ಅಂದ್ರೆ, ನಮ್ಮ ಕೈಯಿಂದ ಹೋಗುವ ಮೊತ್ತ ಸೊನ್ನೆ ಇರೋದನ್ನೇ ನೋಡಿ. ಅದರಲ್ಲೂ ಗಾಜು, ಟೈರು, ಅಡಿಭಾಗ ಸೇರಿದೆಯಾ ಅಂತ ಓದಿ. ಮಧ್ಯವರ್ತಿ ವೆಬ್‌ಸೈಟ್‌ಗಳ ಅಗ್ಗದ ಪಾಲಿಸಿ ಬೇರೆ ಥರ: ಕಾರಿಗೆ ಪೆಟ್ಟಾದರೆ ಮೊದಲು ಬಾಡಿಗೆ ಕಂಪನಿ ನಿಮ್ಮ ಕಾರ್ಡಿಂದ ದುಡ್ಡು ಎಳ್ಕೊಳ್ಳುತ್ತೆ, ಆಮೇಲೆ ನೀವು ರಸೀದಿ ಹಿಡ್ಕೊಂಡು ಕ್ಲೇಮ್ ಮಾಡ್ಕೋಬೇಕು.

ಕೀ ಸಿಕ್ಕಮೇಲೆ ಪಾರ್ಕಿಂಗ್‌ನಿಂದ ಹೊರಡೋ ಮುಂಚೆ ವಿಡಿಯೊ ಮಾಡಿ. ನಾಲ್ಕೂ ಚಕ್ರದ ರಿಮ್, ಮುಂದಿನ ಗಾಜಿನ ಚುಕ್ಕೆ, ಬಂಪರ್ ಕೆಳಗಡೆ, ಚಾವಣಿ, ಇಂಧನದ ಮುಳ್ಳು, ಕಿ.ಮೀ. ಮೀಟರ್. ಪಟ್ಟಿಯಲ್ಲಿಲ್ಲದ ಗೀರು ಕಂಡರೆ ಅಲ್ಲೇ ಬರೆಸಿ, ಸಹಿ ಹಾಕಿಸಿ.

ಬ್ರೆನ್ನರ್_ಬಸ್ಸು:
ಟೋಲ್ ವಿಷಯ. ಜರ್ಮನಿಯಲ್ಲಿ ಕಾರಿಗೆ ಇಲ್ಲ. ಆಸ್ಟ್ರಿಯಾ ಹೆದ್ದಾರಿಗೆ ವಿನ್ಯೆಟ್, ಅಂದ್ರೆ ಇಷ್ಟು ದಿನಕ್ಕೆ ಅಂತ ಕೊಳ್ಳೋ ಟೋಲ್ ಪಾಸ್, ಬೇಕು: 1 ದಿನ, 10 ದಿನ, 2 ತಿಂಗಳು, ವರ್ಷ. ಡಿಜಿಟಲ್ ವಿನ್ಯೆಟ್ ನಂಬರ್ ಪ್ಲೇಟಿಗೆ ಅಂಟಿಕೊಂಡಿರೋದ್ರಿಂದ ಊರಲ್ಲೇ ಕೂತು ಕೊಳ್ಳೋಕಾಗಲ್ಲ, ಪ್ಲೇಟ್ ಗೊತ್ತಾಗೋದೇ ಕೌಂಟರ್‌ನಲ್ಲಿ. ಗಡಿಗೆ ಮುಂಚಿನ ಬಂಕ್‌ನಲ್ಲಿ ತಗೊಳ್ಳಿ, ಇಲ್ಲ ಆಸ್ಫಿನಾಗ್ (ಆಸ್ಟ್ರಿಯಾದ ಹೆದ್ದಾರಿ ಕಂಪನಿ) ಸೈಟಲ್ಲಿ ಕೊಳ್ಳುವಾಗ ಶುರುವಾಗುವ ದಿನಾಂಕ ನೋಡಿ. ಇನ್ಸ್‌ಬ್ರುಕ್‌ನಿಂದ ಬ್ರೆನ್ನರ್‌ಗೆ ಹೋಗೋ ಎ13 ಹೆದ್ದಾರಿ ವಿನ್ಯೆಟ್‌ನಲ್ಲಿ ಸೇರಿಲ್ಲ, ಅದಕ್ಕೆ ಬೇರೆ ಟೋಲ್.

ಇಟಲಿಯಲ್ಲಿ ಹೆದ್ದಾರಿ ಹತ್ತುವಾಗ ಟಿಕೆಟ್, ಇಳಿಯುವಾಗ ದುಡ್ಡು. ಬರೀ ಹಳದಿ ಟೆಲಿಪಾಸ್ (ನಮ್ಮ ಫಾಸ್ಟ್ಯಾಗ್ ಥರದ್ದು) ಬೋರ್ಡಿರೋ ಲೇನ್‌ಗೆ ನುಗ್ಗಬೇಡಿ. ನುಗ್ಗಿದರೂ ರಿವರ್ಸ್ ಬರಬೇಡಿ, ಸಹಾಯದ ಬಟನ್ ಒತ್ತಿ, ಚೀಟಿ ಬರುತ್ತೆ, 15 ದಿನದೊಳಗೆ ಕಟ್ಟಬಹುದು.

ಮೈಲಿಗಲ್ಲು:
ಒಂದು ಸೇರ್ಪಡೆ: ಜರ್ಮನ್ ಗಡಿಯಿಂದ ಸಾಲ್ಜ್‌ಬರ್ಗ್ ನೋರ್ಡ್ ಎಕ್ಸಿಟ್‌ವರೆಗೆ, ಮತ್ತೆ ಕುಫ್‌ಸ್ಟೈನ್ ಸ್ಯೂಡ್ ಎಕ್ಸಿಟ್‌ವರೆಗೆ 2019ರ ಡಿಸೆಂಬರ್‌ನಿಂದ ವಿನ್ಯೆಟ್ ಬೇಡ. ಇವರು ಅದರಾಚೆ ಹೋಗ್ತಿರೋದ್ರಿಂದ ಉಪಯೋಗವಿಲ್ಲ.

ಎಡಗಡೆ_ಸ್ಟೇರಿಂಗ್:
ಓಡಿಸೋದರ ಬಗ್ಗೆ. ಅಲ್ಲಿ ಇಂಡಿಕೇಟರ್ ಎಡಗೈಲಿ. ಮಾರುತಿ, ಹ್ಯುಂಡೈ ಓಡಿಸಿದವರು ಮೊದಮೊದಲು ತಿರುವಿನಲ್ಲೆಲ್ಲ ವೈಪರ್ ಹಾಕ್ತಾರೆ, ಅದಕ್ಕೇನೂ ಆಗಲ್ಲ. ಅಪಾಯ ಇರೋದು ಬಂಕ್‌ನಿಂದ ಖಾಲಿ ರಸ್ತೆಗೆ ಬರುವಾಗ: ಎದುರಿಗೆ ಗಾಡಿ ಇಲ್ಲದಿದ್ದರೆ ಕೈ ತಾನಾಗೇ ಎಡಕ್ಕೆ ಎಳೆಯುತ್ತೆ. ಪಕ್ಕದಲ್ಲಿ ಕೂತವರು ಪ್ರತಿ ಸಲ "ಬಲಕ್ಕೆ" ಅಂತ ಹೇಳಲಿ. ಸೀಟು ಎಡಕ್ಕಿರೋದ್ರಿಂದ ಕಾರು ಬಲದ ಅಂಚಿಗೆ ಸರಿಯೋದೂ ಮಾಮೂಲು. ರಿಮ್ ಉಜ್ಜೋದು ಹಾಗೇ.

ಆಟೊಬಾನ್‌ನಲ್ಲಿ (ಜರ್ಮನ್ ಹೆದ್ದಾರಿ) ಬಲದಿಂದ ಓವರ್‌ಟೇಕ್ ಮಾಡಬಾರದು. ಎಡಕ್ಕೆ ಹೋಗೋ ಮುಂಚೆ ಕನ್ನಡಿಯನ್ನ ಎರಡು ಸಲ ನೋಡಿ, ದೂರದ ಚುಕ್ಕೆ 200ರಲ್ಲಿ ಬರ್ತಿರಬಹುದು. ಟ್ರಾಫಿಕ್ ನಿಂತರೆ ಎಡಲೇನ್‌ನವರು ಪೂರ್ತಿ ಎಡಕ್ಕೆ, ಉಳಿದವರು ಬಲಕ್ಕೆ ಸರಿದು ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಬಿಡದಿದ್ದರೆ ದಂಡ. ಊರೊಳಗೆ ಬೋರ್ಡು, ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರೋರಿಗೆ ಮೊದಲ ಹಕ್ಕು, ಅವರದು ಎಷ್ಟೇ ಸಣ್ಣ ಗಲ್ಲಿಯಾಗಿರಲಿ.

ಫ್ಲಾರೆನ್ಸ್‌ನಲ್ಲಿ ಝಡ್‌ಟಿಎಲ್, ಅಂದ್ರೆ ಅನುಮತಿ ಇಲ್ಲದ ಗಾಡಿ ಹೋಗಬಾರದ ಪ್ರದೇಶ, ಇದೆ. ಹಳೇ ಊರಿನ ಬಾಯಲ್ಲಿ ಕ್ಯಾಮೆರಾ, ಬೋರ್ಡಲ್ಲಿ "ವಾರ್ಕೊ ಆತ್ತೀವೊ" (ನಿರ್ಬಂಧ ಚಾಲ್ತಿಯಲ್ಲಿದೆ) ಅಂತಿದ್ದರೆ ಒಳಗೆ ಹೋಗಬೇಡಿ. ಪ್ರತಿ ಸಲ ದಾಟಿದ್ದಕ್ಕೂ ಬೇರೆ ದಂಡ. ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿ ಮೊದಲು ಫೀ ಎಳೆಯುತ್ತೆ, ದಂಡದ ಪತ್ರ ಎಷ್ಟೋ ತಿಂಗಳ ಮೇಲೆ ಬರುತ್ತೆ. ಮ್ಯಾಪ್ ನಂಬಬೇಡಿ. ಹೋಟೆಲ್ ಒಳಗಡೆ ಇದ್ದರೆ ಪ್ಲೇಟ್ ನಂಬರ್ ಮೊದಲೇ ಅವರಿಗೆ ಕೊಟ್ಟು ನೋಂದಾಯಿಸೋಕೆ ಹೇಳಿ. ಹೊರಗೆ ನಿಲ್ಲಿಸಿ ಟ್ರ್ಯಾಮ್ ಹತ್ತೋದು ಇನ್ನೂ ವಾಸಿ. ಹಾಲ್‌ಸ್ಟಾಟ್‌ನಲ್ಲೂ ಪ್ರವಾಸಿ ಕಾರು ಊರೊಳಗೆ ಬಿಡಲ್ಲ. ಪಿ1, ಪಿ2 ಪಾರ್ಕಿಂಗ್‌ನಲ್ಲಿ ಜಾಗ ಬೇಕಿದ್ದರೆ ಬೆಳಗ್ಗೆ ಬೇಗ ಮುಟ್ಟಿ.

ಕೆಂಪುದೀಪ:
ಬಹಳ ಉಪಯೋಗ ಆಯ್ತು. ಮಗನಿಗೆ ಮಕ್ಕಳ ಸೀಟ್ ಬೇಕೇ ಬೇಕಾ? 128 ಸೆಂ.ಮೀ. ಇದ್ದಾನೆ.

ಮೈಲಿಗಲ್ಲು:
ಬೇಕು. ಜರ್ಮನಿಯಲ್ಲಿ 12 ವರ್ಷ ತುಂಬುವವರೆಗೆ, 150 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕಡ್ಡಾಯ. ಆಸ್ಟ್ರಿಯಾದಲ್ಲಿ 14 ವರ್ಷ, 135 ಸೆಂ.ಮೀ. ಇಟಲಿಯಲ್ಲಿ 150 ಸೆಂ.ಮೀ. ಮೂರೂ ಕಡೆ ಬೂಸ್ಟರ್ (ಮಗುವನ್ನ ಎತ್ತರಿಸೋ ಸೀಟು) ಹಾಕಲೇಬೇಕು. ಬಾಡಿಗೆಗೆ ದಿನದ ಲೆಕ್ಕ, ಹೆಚ್ಚು ದಿನವಾದರೆ ಅಲ್ಲೇ ಹೊಸದು ಕೊಳ್ಳೋದೇ ಅಗ್ಗ ಬೀಳಬಹುದು. ಇಲ್ಲಿಂದ ಒಯ್ಯೋದಾದರೆ ಆರ್44 ಅಥವಾ ಆರ್129 (ಮಕ್ಕಳ ಸೀಟಿನ ಸುರಕ್ಷತಾ ಮಾನದಂಡ) ಗುರುತು ಇದೆಯಾ ನೋಡಿ.