ಸಣ್ಣ ಉದ್ಯಮ ಆರಂಭಿಸುವವರಿಗೆ ನಂಬಬಹುದಾದ ಮಾಹಿತಿ ಎಲ್ಲಿ ಸಿಗುತ್ತದೆ?

ಪ್ರಶ್ನೆ (ಹೊಸಹೆಜ್ಜೆ)

ಎಲ್ಲರಿಗೂ ನಮಸ್ಕಾರ. ಸ್ನಾನದ ಸಾಬೂನನ್ನು ಕೈಯಿಂದಲೇ ತಯಾರಿಸಿ ಸಣ್ಣ ಪ್ರಮಾಣದಲ್ಲಿ ಮಾರುವ ಉದ್ಯಮವೊಂದನ್ನು ಆರಂಭಿಸುವ ಯೋಚನೆಯಲ್ಲಿದ್ದೇನೆ. ತಯಾರಿಕೆಯನ್ನು ಕಲಿತಿದ್ದೇನೆ, ಬಳಸಿ ನೋಡಿದ ಪರಿಚಿತರೆಲ್ಲ ಚೆನ್ನಾಗಿದೆ ಎಂದಿದ್ದಾರೆ. ಆದರೆ ಇದನ್ನು ವ್ಯಾಪಾರವಾಗಿ ನಡೆಸಲು ಏನೇನು ತಿಳಿದಿರಬೇಕು ಎಂದು ಹುಡುಕಲು ಕುಳಿತರೆ ಸಾಕಪ್ಪಾ ಎನ್ನುವಷ್ಟು ಮಾಹಿತಿ ಬಂದು ಬೀಳುತ್ತದೆ. ಮೊದಲು ಕಂಪನಿ ನೋಂದಾಯಿಸಿ ಎಂದು ಒಬ್ಬರು ಹೇಳಿದರೆ, ನೂರು ಸಾಬೂನು ಮಾರುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಎಲ್ಲ ಪರವಾನಗಿಗಳನ್ನೂ ತಾವೇ ಮಾಡಿಸಿಕೊಡುವುದಾಗಿ ಮಧ್ಯವರ್ತಿಯೊಬ್ಬರು ಮುಂದೆ ಬಂದಿದ್ದಾರೆ. ದುಬಾರಿ ಶುಲ್ಕದ ತರಬೇತಿಯೊಂದರ ಜಾಹೀರಾತು ದಿನವೂ ಕಣ್ಣಿಗೆ ಬೀಳುತ್ತಿದೆ.

ಮಾರುಕಟ್ಟೆ ಎಷ್ಟು ದೊಡ್ಡದು, ಯಾವ ಯಾವ ಅನುಮತಿ ಬೇಕು, ಎಷ್ಟು ಬಂಡವಾಳ ಕೈಯಲ್ಲಿರಬೇಕು, ನಾನು ಆರಿಸಿಕೊಂಡ ಹೆಸರು ಬೇರೆಯವರದಲ್ಲವೆಂದು ತಿಳಿಯುವುದು ಹೇಗೆ ಎಂಬುವು ನನ್ನ ಮುಖ್ಯ ಪ್ರಶ್ನೆಗಳು. ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ ಎಂಬುದು ಗೊತ್ತಿದೆ. ಆದ್ದರಿಂದ ಇಂಥ ದೇಶದ ನಿಯಮ ಹೀಗಿದೆ ಎನ್ನುವುದಕ್ಕಿಂತ, ಅದನ್ನು ಹುಡುಕುವ ದಾರಿಯನ್ನೂ ನಂಬಬಹುದಾದ ಮೂಲವನ್ನು ಗುರುತಿಸುವ ಬಗೆಯನ್ನೂ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಗ್ರಂಥಪಾಲಕ)

ಹುಡುಕಾಟಕ್ಕೆ ಇಳಿಯುವ ಮೊದಲು ಪ್ರಶ್ನೆಗಳನ್ನು ಸೋಸಿಕೊಳ್ಳಿ. ಉತ್ತರ ಒಂದು ರೀತಿ ಬಂದರೆ ಮುಂದುವರಿಯುತ್ತೇನೆ, ಇನ್ನೊಂದು ರೀತಿ ಬಂದರೆ ಯೋಜನೆಯನ್ನು ಬದಲಾಯಿಸುತ್ತೇನೆ ಎನ್ನುವಂಥ ಪ್ರಶ್ನೆಗಳನ್ನು ಮಾತ್ರ ಉಳಿಸಿಕೊಂಡು, ಉಳಿದವನ್ನು ಸದ್ಯಕ್ಕೆ ಬದಿಗಿಡಿ. "ಸಾಬೂನಿನ ಜಾಗತಿಕ ಮಾರುಕಟ್ಟೆ ಎಷ್ಟು" ಎಂಬ ಪ್ರಶ್ನೆಗೆ ಯಾವ ಅಂಕಿ ಸಿಕ್ಕರೂ ನೀವು ನಾಳೆ ಮಾಡುವ ಕೆಲಸ ಬದಲಾಗುವುದಿಲ್ಲ. "ನನ್ನ ಸಾಬೂನನ್ನು ಕಾನೂನು ಸೌಂದರ್ಯವರ್ಧಕವೆಂದು ಪರಿಗಣಿಸುತ್ತದೆಯೇ" ಎಂಬ ಪ್ರಶ್ನೆಗೆ ಸಿಗುವ ಉತ್ತರದಿಂದ ಖರ್ಚು, ಅವಧಿ, ತಯಾರಿಸುವ ಜಾಗ ಎಲ್ಲವೂ ಬದಲಾಗಬಹುದು.

ಎರಡನೆಯದಾಗಿ, ನಿಮ್ಮ ವಸ್ತುವಿಗೆ ಅಧಿಕೃತ ದಾಖಲೆಗಳು ಇಟ್ಟಿರುವ ಸಂಖ್ಯೆಗಳನ್ನು ತಿಳಿದುಕೊಳ್ಳಿ. ಹುಡುಕುವವರಲ್ಲಿ ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ, ನನ್ನ ಮಟ್ಟಿಗೆ ಬಹುಪಾಲು ಸಮಯ ವ್ಯರ್ಥವಾಗುವುದು ಇಲ್ಲಿಯೇ. ವಿಶ್ವಸಂಸ್ಥೆ 1948ರಲ್ಲಿ ಮೊದಲು ರೂಪಿಸಿದ ಆರ್ಥಿಕ ಚಟುವಟಿಕೆಗಳ ವರ್ಗೀಕರಣದ ನಾಲ್ಕನೆಯ ಪರಿಷ್ಕರಣೆಯಲ್ಲಿ ಸಾಬೂನು ತಯಾರಿಕೆ 2023 ಎಂಬ ವರ್ಗದಲ್ಲಿದೆ (ಇದು ಇಸವಿಯಲ್ಲ, ಸಂಕೇತ ಸಂಖ್ಯೆ). ಅನೇಕ ದೇಶಗಳು ತಮ್ಮ ಉದ್ದಿಮೆ ಸಂಕೇತಗಳನ್ನು ಇದರ ಆಧಾರದ ಮೇಲೆಯೇ ರೂಪಿಸಿಕೊಂಡಿವೆ. ನೋಂದಣಿ ಅರ್ಜಿಯಲ್ಲಿ ಕೇಳುವುದೂ, ಅಂಕಿಅಂಶ ಇಲಾಖೆಯ ಪಟ್ಟಿಗಳಲ್ಲಿ ಇರುವುದೂ ಇಂಥ ಸಂಖ್ಯೆಯೇ. ಆಮದು ರಫ್ತಿನ ಸರಕುಗಳಿಗೆ ಸಂಖ್ಯೆ ಕೊಡುವ ವಿಶ್ವ ಕಸ್ಟಮ್ಸ್ ಸಂಘಟನೆಯ ವರ್ಗೀಕರಣ ವ್ಯವಸ್ಥೆ 1988ರಿಂದ ಜಾರಿಯಲ್ಲಿದೆ, ಅದರಲ್ಲಿ ಸಾಬೂನು 3401ರ ಅಡಿಯಲ್ಲಿ ಬರುತ್ತದೆ. ಈ ಸಂಖ್ಯೆಯನ್ನು ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ದತ್ತಾಂಶದಲ್ಲಿ ಅಥವಾ ಜಿನೀವಾದ ಅಂತಾರಾಷ್ಟ್ರೀಯ ವ್ಯಾಪಾರ ಕೇಂದ್ರದ ಟ್ರೇಡ್ ಮ್ಯಾಪ್‌ನಲ್ಲಿ ಹಾಕಿದರೆ, ನಿಮ್ಮ ದೇಶ ಎಷ್ಟು ಸಾಬೂನನ್ನು ಯಾವ ದೇಶದಿಂದ ತರಿಸಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ. ಟ್ರೇಡ್‌ಮಾರ್ಕ್‌ಗಾಗಿ ಬಳಕೆಯಲ್ಲಿರುವ ನೀಸ್ ಎಂಬ ಅಂತಾರಾಷ್ಟ್ರೀಯ ವರ್ಗೀಕರಣದ 45 ವರ್ಗಗಳಲ್ಲಿ ಸಾಬೂನಿನದು ಮೂರನೆಯದು. ಸಾಮಾನ್ಯ ಪದಗಳಲ್ಲಿ ಹುಡುಕಿದಾಗ ಜಾಹೀರಾತುಗಳು ಎದುರಾಗುತ್ತವೆ. ಈ ಸಂಖ್ಯೆಗಳಿಂದ ಹುಡುಕಿದರೆ ದಾಖಲೆಗಳು ಸಿಗುತ್ತವೆ.

ಷೇರು ಪೇಟೆಯ ವಹಿವಾಟಿನಲ್ಲಿರುವ ದೊಡ್ಡ ಸಾಬೂನು ಕಂಪನಿಗಳ ವಾರ್ಷಿಕ ವರದಿಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಕಚ್ಚಾ ಸಾಮಗ್ರಿಯ ಬೆಲೆ ಏರಿಳಿತ ತಮ್ಮನ್ನು ಎಲ್ಲಿ ಬಾಧಿಸುತ್ತದೆ, ಯಾವ ನಿಯಮ ಬದಲಾವಣೆ ಬರುವ ಸೂಚನೆಯಿದೆ ಎಂಬುದನ್ನು ಆ ಕಂಪನಿಗಳು ಸಾಮಾನ್ಯವಾಗಿ ಅಪಾಯಗಳ ವಿಭಾಗದಲ್ಲಿ ಬರೆಯುತ್ತವೆ. ಹಣ ಕೊಟ್ಟು ಕೊಳ್ಳುವ ಮಾರುಕಟ್ಟೆ ಸಮೀಕ್ಷೆಗಳಿಗಿಂತ ಈ ವರದಿಗಳು ಎಷ್ಟೋ ಮೇಲು. ಅಂಥ ಸಮೀಕ್ಷೆ ಬೇಕೇ ಬೇಕೆನಿಸಿದರೆ ಮೊದಲು ದೊಡ್ಡ ಸಾರ್ವಜನಿಕ ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿ. ಚಂದಾ ಕಟ್ಟಿ ತರಿಸಿಕೊಂಡ ದತ್ತಾಂಶವನ್ನು ಓದುಗರಿಗೆ ಬಿಟ್ಟಿಯಾಗಿ ನೋಡಲು ಕೊಡುವ ಗ್ರಂಥಾಲಯಗಳು ಇವೆ.

ಉತ್ತರ 2 (ಸಾಬೂನುಗಾರ್ತಿ)

ನಾನು ಇದೇ ಕಸುಬಿನಲ್ಲಿರುವುದರಿಂದ ಸಾಬೂನಿಗೆ ಸಂಬಂಧಿಸಿದ ಮಾತನ್ನಷ್ಟೇ ಹೇಳುತ್ತೇನೆ.

ಯಾವ ಅನುಮತಿ ಬೇಕು ಎನ್ನುವುದು ಸಾಬೂನಿನಲ್ಲಿ ಏನಿದೆ ಎಂಬುದರ ಜೊತೆಗೆ ಹೊದಿಕೆಯ ಮೇಲೆ ನೀವು ಏನು ಬರೆಯುತ್ತೀರಿ ಎಂಬುದನ್ನೂ ಅವಲಂಬಿಸಿದೆ. ಕೊಳೆ ತೆಗೆಯುತ್ತದೆ ಎಂದರೆ ಒಂದು ನಿಯಮ, ಚರ್ಮವನ್ನು ಮೃದುಗೊಳಿಸುತ್ತದೆ ಎಂದರೆ ಇನ್ನೊಂದು. ಮೊಡವೆ ಅಥವಾ ಚರ್ಮರೋಗ ಗುಣಪಡಿಸುತ್ತದೆ ಎಂದು ಬರೆದರಂತೂ ಅನೇಕ ದೇಶಗಳಲ್ಲಿ ಅದು ಔಷಧಿಯ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದಲ್ಲಿ ಕೊಬ್ಬಿನಾಮ್ಲದ ಲವಣಗಳಿಂದಲೇ (ಎಣ್ಣೆ ಅಥವಾ ಕೊಬ್ಬು ಕ್ಷಾರದೊಡನೆ ಸೇರಿದಾಗ ಆಗುವ ವಸ್ತುವಿನಿಂದಲೇ) ಕೊಳೆ ತೆಗೆಯುವ, ಸಾಬೂನು ಎಂದಷ್ಟೇ ಹೇಳಿ ಮಾರುವ ಉತ್ಪನ್ನ ಸೌಂದರ್ಯವರ್ಧಕದ ನಿಯಮದ ಹೊರಗೆ ಉಳಿಯುತ್ತದೆ. ಅದೇ ಸಾಬೂನನ್ನು ಐರೋಪ್ಯ ಒಕ್ಕೂಟದಲ್ಲಿ ಮಾರಬೇಕಾದರೆ ಅದು ಸೌಂದರ್ಯವರ್ಧಕವೇ ಆಗುತ್ತದೆ, ಅರ್ಹ ತಜ್ಞರ ಸುರಕ್ಷತಾ ವರದಿ ಇರಲೇಬೇಕು. ಹೀಗಿರುವಾಗ ಇನ್ನೊಂದು ದೇಶದವರು ಮಾಡಿದ ವಿಡಿಯೊವನ್ನು ನಂಬಿ "ಸಾಬೂನಿಗೆ ಯಾವ ಅನುಮತಿಯೂ ಬೇಡ" ಎಂದುಕೊಳ್ಳುವವರನ್ನು ಕಂಡರೆ ನನಗೆ ದಿಗಿಲಾಗುತ್ತದೆ. ಹೊದಿಕೆಯ ಮೇಲಿನ ಬರಹದ ಕರಡನ್ನು ಮೊದಲು ಸಿದ್ಧಪಡಿಸಿ, ಅದನ್ನೇ ಮುಂದಿಟ್ಟುಕೊಂಡು ಸಂಬಂಧಿಸಿದ ಇಲಾಖೆಗೆ ಬರವಣಿಗೆಯಲ್ಲಿ ಪ್ರಶ್ನೆ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲಿಯೇ ಪಡೆಯಿರಿ.

ಕಚ್ಚಾ ಸಾಮಗ್ರಿ ಮಾರುವವರು ಉಚಿತವಾಗಿ ಕೊಡುವ ಕಾಗದಗಳನ್ನು ಕೇಳಿ ಪಡೆಯುವವರು ಕಡಿಮೆ. ಕಾಸ್ಟಿಕ್ ಸೋಡಾದಂಥ ರಾಸಾಯನಿಕದ ಜೊತೆಗೆ ಸುರಕ್ಷತಾ ದತ್ತಾಂಶ ಪತ್ರ ಬರಬೇಕು. ಅದರ 16 ವಿಭಾಗಗಳಲ್ಲಿ ಶೇಖರಣೆ, ಪ್ರಥಮ ಚಿಕಿತ್ಸೆ, ಚೆಲ್ಲಿದಾಗ ಮಾಡಬೇಕಾದದ್ದು, ಸಾಗಣೆ ಎಲ್ಲವೂ ಇರುತ್ತದೆ. ಸುಗಂಧ ತೈಲ ಕೊಳ್ಳುವಾಗ ಅಂತಾರಾಷ್ಟ್ರೀಯ ಸುಗಂಧ ಸಂಘದ ಮಾನದಂಡಕ್ಕೆ ಅನುಗುಣವಾದ ಪ್ರಮಾಣಪತ್ರ ಕೇಳಿ. ಉಜ್ಜಿ ತೊಳೆದುಬಿಡುವ ಉತ್ಪನ್ನದಲ್ಲಿ ಆ ಸುಗಂಧವನ್ನು ಹೆಚ್ಚೆಂದರೆ ಎಷ್ಟು ಶೇಕಡಾ ಬಳಸಬಹುದು ಎಂಬುದು ಅದರಲ್ಲಿರುತ್ತದೆ. ಇವನ್ನು ಕೊಡಲು ಮೀನಮೇಷ ಎಣಿಸುವ ವ್ಯಾಪಾರಿಯಿಂದ ಸಾಮಗ್ರಿ ಕೊಳ್ಳದಿರುವುದೇ ಒಳ್ಳೆಯದು. ಇನ್ನು ತೂಕದ ವಿಷಯ: ಹದಕ್ಕೆ ಇಟ್ಟ, ಎಂದರೆ ಕತ್ತರಿಸಿದ ಮೇಲೆ ಒಣಗಿ ಗಟ್ಟಿಯಾಗಲು ಬಿಟ್ಟ ಸಾಬೂನಿನಿಂದ ನೀರು ಆವಿಯಾಗಿ ತೂಕ ಇಳಿಯುತ್ತದೆ, ಆದ್ದರಿಂದ ಕತ್ತರಿಸಿದ ದಿನದ ತೂಕವನ್ನು ಹೊದಿಕೆಯ ಮೇಲೆ ಮುದ್ರಿಸಿದರೆ ತೂಕ ಮತ್ತು ಅಳತೆಯ ಕಾನೂನಿನಡಿ ಸಿಕ್ಕಿಬೀಳುತ್ತೀರಿ.

ಪರಿಚಿತರು ಮೆಚ್ಚಿದ್ದಾರೆ ಎಂದು ಬರೆದಿದ್ದೀರಿ. ಬಿಟ್ಟಿಯಾಗಿ ಸಿಕ್ಕ ವಸ್ತುವನ್ನು ಎದುರಿಗೇ ಚೆನ್ನಾಗಿಲ್ಲ ಎನ್ನುವವರು ವಿರಳ. "ಇದನ್ನು ಕೊಳ್ಳುತ್ತೀರಾ" ಎಂದು ಕೇಳುವುದರ ಬದಲು "ಕಳೆದ ಸಲ ಯಾವ ಸಾಬೂನು ಕೊಂಡಿರಿ, ಎಲ್ಲಿ ಕೊಂಡಿರಿ, ಬೇರೆಯದನ್ನು ಬಿಟ್ಟು ಅದನ್ನೇ ಏಕೆ ಆರಿಸಿದಿರಿ" ಎಂದು ಅಪರಿಚಿತರನ್ನು ಕೇಳಿ. ಮುಂದೆ ಮಾಡುವುದರ ಬಗ್ಗೆ ಜನ ದಾಕ್ಷಿಣ್ಯಕ್ಕೆ ಏನಾದರೂ ಹೇಳಿಬಿಡುತ್ತಾರೆ. ಈಗಾಗಲೇ ಮಾಡಿದ ಖರ್ಚಿನ ಬಗ್ಗೆ ಹೇಳುವುದು ಸಾಮಾನ್ಯವಾಗಿ ನಿಜಕ್ಕೆ ಹತ್ತಿರವಿರುತ್ತದೆ.

ಉತ್ತರ 3 (ಕಿರ್ದಿ‌ಖಾತೆ)

ಗ್ರಂಥಪಾಲಕರ ಮಾತಿಗೆ ನನ್ನದೊಂದು ಸಣ್ಣ ಆಕ್ಷೇಪವಿದೆ. ತಿಂಗಳಿಗೆ ಕೆಲವು ನೂರು ಸಾಬೂನು ಮಾರುವವರಿಗೆ ಆಮದಿನ ಅಂಕಿಅಂಶದಿಂದ ಆಗಬೇಕಾದ್ದು ಅಷ್ಟರಲ್ಲೇ ಇದೆ. ಈ ಹಂತದಲ್ಲಿ ಬೇಕಾದ ಅತ್ಯಮೂಲ್ಯ ಮಾಹಿತಿ ನಿಮ್ಮದೇ ಲೆಕ್ಕದ ಪುಸ್ತಕದಲ್ಲಿದೆ, ಅದನ್ನು ಬೇರೆ ಯಾರೂ ಕೊಡಲಾರರು.

ಒಂದು ಸಾಬೂನಿನ ಮಾರಾಟದ ಬೆಲೆ 100 ಎಂದಿಟ್ಟುಕೊಳ್ಳಿ, ಯಾವ ನಾಣ್ಯವಾದರೂ ಸರಿ. ಎಣ್ಣೆ, ಸುಗಂಧ, ಹೊದಿಕೆ, ಸಾಗಣೆ ಸೇರಿ ಒಂದೊಂದಕ್ಕೂ ತಗಲುವ ವೆಚ್ಚ 60 ಆದರೆ ಉಳಿಯುವುದು 40. ಮಾರಾಟವಾಗಲಿ ಬಿಡಲಿ ಕೊಡಲೇಬೇಕಾದ ಬಾಡಿಗೆ, ವಿದ್ಯುತ್, ವಿಮೆ ಮುಂತಾದ ಸ್ಥಿರ ವೆಚ್ಚ ತಿಂಗಳಿಗೆ 20,000 ಇದ್ದರೆ, 500 ಸಾಬೂನು ಮಾರಿದಾಗ ಅಸಲು ಹುಟ್ಟುತ್ತದೆ, ಲಾಭ ಅದರ ಆಚೆಗೆ. ಈಗ ಅದೇ ಸಾಬೂನನ್ನು ಅಂಗಡಿಯ ಮೂಲಕ ಮಾರಿ, ಅಂಗಡಿಯವರು ಶೇಕಡಾ 30 ಇಟ್ಟುಕೊಂಡರೆ ನಿಮ್ಮ ಕೈಗೆ ಬರುವುದು 70, ಉಳಿಯುವುದು ಬರೀ 10, ಅಸಲು ಹುಟ್ಟಲು ಬೇಕಾದ ಮಾರಾಟ 2,000. ಬೆಲೆಯೂ ಬದಲಾಗಿಲ್ಲ, ಸಾಬೂನೂ ಬದಲಾಗಿಲ್ಲ. ಮಾರುವ ದಾರಿ ಬದಲಾದದ್ದರಿಂದ ನಾಲ್ಕು ಪಟ್ಟು ದುಡಿಯಬೇಕಾಯಿತು. ಆದ್ದರಿಂದ ಸಗಟು ವ್ಯಾಪಾರಿಗಳೂ ಅಂಗಡಿಗಳೂ ಎಷ್ಟು ಕಮಿಷನ್ ಇಟ್ಟುಕೊಳ್ಳುತ್ತಾರೆ, ಮಾರಾಟವಾಗದ ಸರಕನ್ನು ಹಿಂದಿರುಗಿಸುತ್ತಾರೆಯೇ, ಎಷ್ಟು ದಿನದ ಉದ್ರಿ ಕೇಳುತ್ತಾರೆ ಎಂಬುದನ್ನು ಖುದ್ದಾಗಿ ವಿಚಾರಿಸಿ ತಿಳಿಯಿರಿ.

ಬಂಡವಾಳ ಎಷ್ಟು ಬೇಕು ಎಂಬ ಪ್ರಶ್ನೆಗೆ ಉತ್ತರವಿರುವುದೂ ಈ ದಿನಗಳ ಲೆಕ್ಕದಲ್ಲಿಯೇ. ಬಿಸಿ ಮಾಡದೆ ತಯಾರಿಸುವ ಸಾಬೂನನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹದಕ್ಕೆ ಇಡುತ್ತಾರೆ. ಆರು ವಾರವೆಂದರೆ 42 ದಿನ. ಅಂಗಡಿಯಲ್ಲಿ ಮಾರಾಟವಾಗಲು 30 ದಿನ, ಉದ್ರಿ ತೀರಲು ಇನ್ನೂ 30 ದಿನ ಎಂದು ಹಿಡಿದರೆ, ಎಣ್ಣೆಗೆ ಹಣ ಕೊಟ್ಟ 102 ದಿನಗಳ ಮೇಲೆ ಅದು ಹಿಂದಿರುಗುತ್ತದೆ. ತಿಂಗಳಿಗೆ 500 ಸಾಬೂನಿನ ಲೆಕ್ಕದಲ್ಲಿ ಸಾಮಗ್ರಿಗೆ 30,000, ಸ್ಥಿರ ವೆಚ್ಚಕ್ಕೆ 20,000, ಒಟ್ಟು 50,000 ಹೊರಹೋಗುತ್ತಿರುತ್ತದೆ. ಮೊದಲ ಹಣ ಕೈಸೇರುವ ಹೊತ್ತಿಗೆ ಸುಮಾರು 1,70,000 ಹಾಕಿಬಿಟ್ಟಿರುತ್ತೀರಿ. ಯಂತ್ರ, ಅಚ್ಚುಗಳ ಖರ್ಚನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಈ ದುಡಿಯುವ ಬಂಡವಾಳವನ್ನು ಮರೆಯುತ್ತಾರೆ. ಲಾಭದಲ್ಲಿದ್ದ ಉದ್ಯಮವೂ ಕೈಯಲ್ಲಿ ನಗದಿಲ್ಲದೆ ಮುಚ್ಚಿಹೋಗಬಹುದು. ಸಾಲಕ್ಕೆ ಹೋದಾಗ ಬ್ಯಾಂಕು ಮುಖ್ಯವಾಗಿ ನೋಡುವುದೂ ತಿಂಗಳು ತಿಂಗಳ ನಗದು ಒಳಹರಿವು ಹೊರಹರಿವಿನ ಪಟ್ಟಿಯನ್ನು ಮತ್ತು ನಿಮ್ಮ ಸ್ವಂತ ಪಾಲನ್ನು. ಮನೆಯ ಹಣ ಮತ್ತು ವ್ಯಾಪಾರದ ಹಣ ಬೆರೆಯದಂತೆ ಮೊದಲ ದಿನದಿಂದಲೇ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ.

ಪ್ರತಿಕ್ರಿಯೆ (ಹೊಸಹೆಜ್ಜೆ)

ಮೂವರಿಗೂ ಧನ್ಯವಾದಗಳು. ಅಂಗಡಿಗಳ ಮೂಲಕವೇ ಮಾರಬೇಕೆಂದಿದ್ದೆ. ಈ ಲೆಕ್ಕ ನೋಡಿದ ಮೇಲೆ ಮೊದಲು ನೇರವಾಗಿ ಗಿರಾಕಿಗಳಿಗೇ ಮಾರುವುದು ಸರಿಯೆನಿಸುತ್ತಿದೆ. ಕಂಪನಿ ನೋಂದಣಿ ಮೊದಲೋ ಮಾರಾಟ ಮೊದಲೋ ಎಂಬುದು ಇನ್ನೂ ಬಗೆಹರಿದಿಲ್ಲ. ಹಾಗೆಯೇ ತರಬೇತಿ, ಮಧ್ಯವರ್ತಿ, ಹೆಸರು, ಈ ಮೂರರ ಬಗ್ಗೆಯೂ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

ಉತ್ತರ 4 (ಗ್ರಂಥಪಾಲಕ)

ಕಿರ್ದಿ‌ಖಾತೆಯವರ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಆಮದಿನ ಅಂಕಿ ಈಗ ಬೇಡದಿದ್ದರೂ, ನೋಂದಣಿಗೆ ಹೋದ ದಿನ ಆ ಸಂಕೇತ ಸಂಖ್ಯೆಗಳು ಬೇಕಾಗುತ್ತವೆ.

ನೋಂದಣಿಯ ಪ್ರಶ್ನೆಯಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಬೇಕು. ಮಾರಾಟಕ್ಕೆ ಕಾನೂನು ಕಡ್ಡಾಯಗೊಳಿಸಿರುವ ಅನುಮತಿ ಒಂದೇ ಒಂದು ಸಾಬೂನು ಮಾರುವುದಕ್ಕೂ ಮೊದಲೇ ಬೇಕು, ಅಲ್ಲಿ ಚೌಕಾಸಿಯಿಲ್ಲ. ಉದ್ಯಮದ ಸ್ವರೂಪ ಏನಿರಬೇಕು ಎಂಬುದು ಹೊಣೆಯ ಪ್ರಶ್ನೆ. ಒಬ್ಬರೇ ಮಾಲೀಕರಾಗಿ ನಡೆಸಿದರೆ ಕಾಗದಪತ್ರ ಕಡಿಮೆ, ಆದರೆ ವ್ಯಾಪಾರದ ಸಾಲಕ್ಕೆ ನಿಮ್ಮ ಸ್ವಂತ ಆಸ್ತಿಯೂ ಹೊಣೆಯಾಗುತ್ತದೆ. ಸೀಮಿತ ಹೊಣೆಯ ಕಂಪನಿಯಾದರೆ ಆ ಹೊಣೆ ಸಾಮಾನ್ಯವಾಗಿ ಹೂಡಿದ ಬಂಡವಾಳಕ್ಕೆ ನಿಲ್ಲುತ್ತದೆ, ಪ್ರತಿಯಾಗಿ ಲೆಕ್ಕಪತ್ರ ಸಲ್ಲಿಕೆಯ ಖರ್ಚು ಪ್ರತಿವರ್ಷವೂ ಇರುತ್ತದೆ. ಮೈಗೆ ಹಚ್ಚುವ ವಸ್ತುವನ್ನು ಮಾರುವವರು ಉತ್ಪನ್ನ ಹೊಣೆಗಾರಿಕೆಯ ವಿಮೆಯನ್ನೂ ಇದರ ಜೊತೆಯಲ್ಲೇ ವಿಚಾರಿಸಬೇಕು.

ತರಬೇತಿಗೆ ಹಣ ಕಟ್ಟುವ ಮೊದಲು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ "ಸ್ಟಾರ್ಟ್ ಅಂಡ್ ಇಂಪ್ರೂವ್ ಯುವರ್ ಬಿಸಿನೆಸ್" ಕಾರ್ಯಕ್ರಮವನ್ನು ನೋಡಿ. ನೂರಕ್ಕೂ ಹೆಚ್ಚು ದೇಶಗಳಲ್ಲಿ ನಡೆದಿರುವ ಈ ಕಾರ್ಯಕ್ರಮ ಸಣ್ಣ ಉದ್ಯಮಿಗಳಿಗಾಗಿಯೇ ರೂಪುಗೊಂಡದ್ದು. ಮಧ್ಯವರ್ತಿಯನ್ನು ಗೊತ್ತುಮಾಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ಇಲಾಖೆಗೆ ಕಟ್ಟುವ ಶುಲ್ಕ ಎಷ್ಟು, ಅವರ ಸಂಭಾವನೆ ಎಷ್ಟು ಎಂಬುದನ್ನು ಬಿಡಿಸಿ ಬರೆದುಕೊಡುವಂತೆ ಕೇಳಿ, ಅರ್ಜಿ ಸಲ್ಲಿಸುವ ಖಾತೆಯ ಇಮೇಲ್ ಮತ್ತು ಪಾಸ್‌ವರ್ಡ್ ನಿಮ್ಮದೇ ಆಗಿರಲಿ. ಸರ್ಕಾರ ಉಚಿತವಾಗಿ ಕೊಡುವ ನಮೂನೆಗಳನ್ನು ಹಣಕ್ಕೆ ಮಾರುವ, ಸರ್ಕಾರಿ ಜಾಲತಾಣದಂತೆಯೇ ಕಾಣುವ ತಾಣಗಳಿವೆ. ವಿಳಾಸವನ್ನೂ ಪುಟ ಪರಿಷ್ಕೃತವಾದ ದಿನಾಂಕವನ್ನೂ ನೋಡದೆ ಏನನ್ನೂ ತುಂಬಬೇಡಿ.

ಉತ್ತರ 5 (ಸಾಬೂನುಗಾರ್ತಿ)

ಹೆಸರಿನ ಬಗ್ಗೆ ನಾನು ಹೇಳುತ್ತೇನೆ. ವಿಶ್ವ ಬೌದ್ಧಿಕ ಸ್ವತ್ತು ಸಂಘಟನೆಯ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್‌ನಲ್ಲಿಯೂ ನಿಮ್ಮ ದೇಶದ ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿಯೂ ಮೂರನೆಯ ವರ್ಗವನ್ನು ಆರಿಸಿಕೊಂಡು ಹುಡುಕಿ. ಟ್ರೇಡ್‌ಮಾರ್ಕ್ ಹಕ್ಕು ಆಯಾ ದೇಶಕ್ಕೆ ಸೀಮಿತವಾದದ್ದರಿಂದ ಎರಡನೆಯ ಹುಡುಕಾಟವೇ ನಿರ್ಣಾಯಕ. ಕಾಗುಣಿತ ಬೇರೆಯಿದ್ದು ಉಚ್ಚಾರ ಹತ್ತಿರವಿರುವ ಹೆಸರುಗಳನ್ನೂ ನೋಡಬೇಕು, ಏಕೆಂದರೆ ಆಕ್ಷೇಪ ಬರುವುದು ಹೆಚ್ಚಾಗಿ ಅಂಥವುಗಳಿಂದಲೇ. "ಮೃದು ಸಾಬೂನು" ಎನ್ನುವಂತೆ ವಸ್ತುವಿನ ಗುಣವನ್ನಷ್ಟೇ ಹೇಳುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ಹೆಸರೂ ಬರಹವೂ ಖಚಿತವಾಗುವ ತನಕ ಹೊದಿಕೆಯನ್ನು ದೊಡ್ಡ ಸಂಖ್ಯೆಯಲ್ಲಿ ಮುದ್ರಣಕ್ಕೆ ಕೊಡಬೇಡಿ; ಮುದ್ರಕರು ಹೆಚ್ಚು ಪ್ರತಿಗೆ ಕಡಿಮೆ ದರ ಹೇಳಿ ಆಸೆ ಹುಟ್ಟಿಸುತ್ತಾರೆ, ಆದರೆ ಒಂದು ಪದ ಬದಲಾದರೂ ಅಷ್ಟೂ ರದ್ದಿಗೆ ಹೋಗುತ್ತದೆ. ಅಲ್ಲಿಯವರೆಗೆ ಸಾದಾ ಹೊದಿಕೆಯ ಮೇಲೆ ಅಂಟಿಸುವ ಚೀಟಿಯಿಂದಲೇ ಕೆಲಸ ನಡೆಯುತ್ತದೆ, ಕಾನೂನು ಕೇಳುವ ವಿವರಗಳೆಲ್ಲ ಅದರಲ್ಲಿ ಓದುವಂತೆ ಇದ್ದರಾಯಿತು.