ಗೇಮಿಂಗ್‌ಗೆ ಎಂಟು ಆಂಟೆನಾ ರೂಟರ್ ಬೇಕೇ ಬೇಕಾ? ನೆಟ್‌ವರ್ಕ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಜೆ.ಪಿ. ನಗರ):
ಸರ್, ಮನೆಯಲ್ಲಿ 150 ಎಂಬಿಪಿಎಸ್ ಫೈಬರ್ ಇದೆ. ಹಗಲು ಹೊತ್ತು ವ್ಯಾಲರಂಟ್ (ಆನ್‌ಲೈನ್ ಶೂಟಿಂಗ್ ಆಟ) ಆಡಿದರೆ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ, ಮಿಲಿಸೆಕೆಂಡ್ ಲೆಕ್ಕ) 30ರ ಆಸುಪಾಸು. ರಾತ್ರಿ ಎಂಟಾದರೆ ಸಾಕು, 200ಕ್ಕೆ ಹಾರುತ್ತದೆ. ಎದುರಾಳಿ ಕಣ್ಣಿಗೆ ಬೀಳುವಷ್ಟರಲ್ಲಿ ನಾನು ಸತ್ತಿರುತ್ತೇನೆ. ಸ್ಪೀಡ್ ಟೆಸ್ಟ್ ಮಾಡಿದರೆ ಆಗಲೂ 140 ತೋರಿಸುತ್ತದೆ! ನೆಟ್ ಕಂಪನಿಯವರು ಕೊಟ್ಟ ರೂಟರ್ ಡಬ್ಬ ಹಾಲ್‌ನಲ್ಲಿ ಟಿವಿ ಹಿಂದೆ ಇದೆ. ಅಲ್ಲಿಂದ ನನ್ನ ರೂಮಿಗೆ ಮಧ್ಯೆ ಎರಡು ಗೋಡೆ. ಎಸ್.ಪಿ. ರೋಡ್‌ನಲ್ಲಿ ವಿಚಾರಿಸಿದೆ. ಎಂಟು ಆಂಟೆನಾ, ಬಣ್ಣದ ಲೈಟ್ ಇರುವ ಗೇಮಿಂಗ್ ರೂಟರ್ ತೋರಿಸಿ ಹದಿನಾಲ್ಕು ಸಾವಿರ ಅಂದರು. ಅಪ್ಪನನ್ನು ಒಪ್ಪಿಸಬೇಕು. ತಗೊಳ್ಳಲಾ? ಇನ್ನೊಂದು ವಿಷಯ, ಪಕ್ಕದ ಮನೆಯವರಿಗೂ ನಮ್ಮ ವೈಫೈ ಪಾಸ್‌ವರ್ಡ್ ಗೊತ್ತು. ಅದರಿಂದ ತೊಂದರೆ ಇದೆಯಾ?

ಉತ್ತರ:
ಸದ್ಯಕ್ಕೆ ಅಪ್ಪನ ಹತ್ತಿರ ದುಡ್ಡು ಕೇಳಬೇಡಿ. ಕಾಯಿಲೆ ಏನು ಅಂತ ಮೊದಲು ನೋಡೋಣ.

ಆಟಕ್ಕೆ ಬೇಕಾದ ಡೇಟಾ ತುಂಬಾ ಕಡಿಮೆ. ಆಡುವಾಗ 1 ಎಂಬಿಪಿಎಸ್ ಕೂಡ ಸಾಮಾನ್ಯವಾಗಿ ದಾಟುವುದಿಲ್ಲ. ಹಾಗಾಗಿ 150 ಇದ್ದದ್ದನ್ನು 300 ಮಾಡಿಸಿದರೂ ಈ ತೊಂದರೆ ಹೋಗುವ ಗ್ಯಾರಂಟಿ ಇಲ್ಲ. ಇನ್ನು ಆ 30 ಪಿಂಗ್. ವ್ಯಾಲರಂಟ್ ಸರ್ವರ್ ಮುಂಬೈಯಲ್ಲಿದೆ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು ಸಾವಿರ ಕಿಲೋಮೀಟರ್. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರುವುದಕ್ಕೇ 10 ಮಿಲಿಸೆಕೆಂಡ್ ಬೇಕು. ದಾರಿಯ ಸುತ್ತುಬಳಸು ಸೇರಿದರೆ 25, 30 ಆಗುವುದು ಸಹಜ. ಯಾವ ರೂಟರ್ ತಂದರೂ ಇದು ಇಳಿಯುವುದಿಲ್ಲ. ನಾವು ಹಿಡಿಯಬೇಕಾದ ಕಳ್ಳ ಆ 30ಕ್ಕೂ 200ಕ್ಕೂ ನಡುವೆ ಇದ್ದಾನೆ.

ರಾತ್ರಿ ತೊಂದರೆ ಶುರುವಾದಾಗ ಕಂಪ್ಯೂಟರಿನಲ್ಲಿ ಎರಡು ಕಮಾಂಡ್ ಕಿಟಕಿ ತೆಗೆಯಿರಿ. ಒಂದರಲ್ಲಿ ನಿಮ್ಮ ರೂಟರನ್ನೇ ಪಿಂಗ್ ಮಾಡಿ (ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1). ಇನ್ನೊಂದರಲ್ಲಿ 8.8.8.8, ಅಂದರೆ ಹೊರಗಿನ ಗೂಗಲ್ ಸರ್ವರ್. ಎರಡನ್ನೂ ಐದು ನಿಮಿಷ ಬಿಡಿ. ಆಮೇಲೆ ರೂಟರಿಗೆ ತಂತಿ ಹಾಕಿ ಇದನ್ನೇ ಇನ್ನೊಮ್ಮೆ ಮಾಡಿ. ಅಂಕಿ ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು:
ಮಾಡಿದೆ ಸರ್. ವೈಫೈನಲ್ಲಿ ರೂಟರ್ ಪಿಂಗ್ 2, 3, 2, 95, 3, 140 ಹೀಗೆ ಬರುತ್ತಿದೆ. ತಂತಿ ಹಾಕಿದರೆ 1 ಬಿಟ್ಟು ಕದಲಲ್ಲ. ಆದರೆ ತಂತಿಯಲ್ಲೂ 8.8.8.8 ಮಾತ್ರ ಆಗಾಗ 200 ದಾಟುತ್ತದೆ. ಅಕ್ಕ ಆಫೀಸಿನಿಂದ ಬಂದ ಮೇಲೇ ಹೀಗೆ ಆಗುವುದು ಅನ್ನಿಸುತ್ತಿದೆ. ಅವಳ ಫೋನ್ ಮನೆಯ ವೈಫೈ ಸಿಕ್ಕ ತಕ್ಷಣ ಫೋಟೋ, ವಿಡಿಯೋ ಎಲ್ಲಾ ಬ್ಯಾಕಪ್ ಮಾಡುತ್ತದೆ.

ಉತ್ತರ:
ಅಂಕಿ ಚೆನ್ನಾಗಿ ತೆಗೆದಿದ್ದೀರಿ. ನಿಮ್ಮ ಮನೆಯಲ್ಲಿ ಇರುವುದು ಒಂದಲ್ಲ, ಎರಡು ತೊಂದರೆ. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ಗಾಳಿಯದು. ಇದ್ದಕ್ಕಿದ್ದಂತೆ 95, 140 ಬರುವುದು ನಿಮ್ಮ ರೂಮಿಗೂ ಡಬ್ಬಕ್ಕೂ ಮಧ್ಯೆ. ನೀವು 2.4 ಗಿಗಾಹರ್ಟ್ಜ್‌ನಲ್ಲಿ ಇರಬಹುದು, ನೋಡಿಕೊಳ್ಳಿ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಬೆಂಗಳೂರಿನಲ್ಲಿ 30-40 ಸೈಟಿನ ಮೇಲೆ ನಾಲ್ಕು ಮಹಡಿ, ಮಹಡಿಗೊಂದು ರೂಟರ್. ಎಲ್ಲರೂ ಆ ಮೂರರಲ್ಲೇ ಕಿತ್ತಾಡುತ್ತಾರೆ. ಸಾಲದ್ದಕ್ಕೆ ಬ್ಲೂಟೂತ್, ಮೈಕ್ರೊವೇವ್ ಕೂಡ ಅಲ್ಲೇ. 5 ಗಿಗಾಹರ್ಟ್ಜ್‌ಗೆ ಬಂದರೆ ಜಾಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಟಿವಿ ಹಿಂದೆ ಇಟ್ಟರಂತೂ ಮುಗಿಯಿತು. ಡಬ್ಬವನ್ನು ಅಲ್ಲಿಂದ ತೆಗೆದು ಎತ್ತರದಲ್ಲಿ, ಬಯಲಾಗಿ ಇಡಿ.

ನಿಜ ಹೇಳಬೇಕೆಂದರೆ, ಒಂದೇ ಕಡೆ ಕೂತು ಆಡುವ ಕಂಪ್ಯೂಟರಿಗೆ ವೈಫೈ ಯಾಕೆ? ಹಾಲ್‌ನಿಂದ ರೂಮಿಗೆ ಒಂದು ಕ್ಯಾಟ್6 ತಂತಿ ಎಳೆಯಿರಿ. ಗೋಡೆ ಕೊರೆಯಲು ಓನರ್ ಒಪ್ಪದಿದ್ದರೆ ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಕ್ಲಿಪ್ ಹೊಡೆದುಕೊಂಡು ಹೋಗಬಹುದು. ನಿಮ್ಮ ದುಡ್ಡಿನಲ್ಲಿ ಅತಿ ಹೆಚ್ಚು ಕೆಲಸ ಮಾಡುವುದು ಇದೊಂದೇ.

ಎರಡನೆಯದು ಕ್ಯೂ. ಅಕ್ಕನ ಫೋನ್ ವಿಡಿಯೋ ಮೇಲಕ್ಕೆ ಕಳಿಸುವಾಗ ಡಬ್ಬದ ಒಳಗೆ ಉದ್ದನೆಯ ಸಾಲು ನಿಲ್ಲುತ್ತದೆ. ದರ್ಶಿನಿಯಲ್ಲಿ ಮುಂದೆ ನಿಂತವರು ಇಪ್ಪತ್ತು ಮಸಾಲೆ ದೋಸೆ ಪಾರ್ಸೆಲ್ ಹೇಳಿದ್ದಾರೆ, ಹಿಂದೆ ನಿಂತ ನಿಮಗೆ ಬೇಕಿರುವುದು ಬರೀ ಒಂದು ಕಾಫಿ. ಅಡುಗೆಮನೆ ನಿಧಾನವಲ್ಲ, ಆದರೂ ನೀವು ಕಾಯಲೇಬೇಕು. ಸ್ಪೀಡ್ ಟೆಸ್ಟ್ 140 ತೋರಿಸಿದರೂ ಆಟ ಸಾಯುವುದು ಇದಕ್ಕೇ. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಮದ್ದು ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್). ಈ ಸೌಲಭ್ಯ ಇರುವ ರೂಟರ್ ಸಣ್ಣ ಪ್ಯಾಕೆಟ್‌ಗಳನ್ನು ದೊಡ್ಡವುಗಳ ಹಿಂದೆ ನಿಲ್ಲಿಸದೆ ಕಳಿಸಿಬಿಡುತ್ತದೆ. ಅದರಲ್ಲಿ ಅಪ್‌ಲೋಡ್, ಡೌನ್‌ಲೋಡ್ ಎರಡನ್ನೂ ನಿಮ್ಮ ನಿಜವಾದ ವೇಗದ ಶೇ. 90ರ ಹತ್ತಿರ ಕಟ್ಟಿಹಾಕಬೇಕು. 140 ಬರುತ್ತಿದ್ದರೆ 125 ಇಡಿ. ಸ್ವಲ್ಪ ವೇಗ ಹೋಗುತ್ತದೆ, ಪಿಂಗ್ ನೆಟ್ಟಗೆ ನಿಲ್ಲುತ್ತದೆ. ಅಲ್ಲಿಯವರೆಗೆ ಅಕ್ಕನಿಗೆ ಹೇಳಿ ಬ್ಯಾಕಪ್ ಮಧ್ಯರಾತ್ರಿಗೆ ಹಾಕಿಸಿ. ಖರ್ಚಿಲ್ಲ, ಬೈಗುಳ ಸಿಗಬಹುದು ಅಷ್ಟೇ.

ಪ್ರಶ್ನೆ ಕೇಳಿದವರು:
ಹಾಗಾದರೆ ಯಾವ ರೂಟರ್ ತಗೊಳ್ಳಲಿ?

ಉತ್ತರ:
ಆಂಟೆನಾ ಎಣಿಸಬೇಡಿ. ಪೆಟ್ಟಿಗೆಯ ಹಿಂಭಾಗ ಓದಿ. ವೈಫೈ 6 ಇರಲಿ, ವೈಫೈ ಭದ್ರತೆಯ ಹೊಸ ಮಾದರಿ ಡಬ್ಲ್ಯೂಪಿಎ3 ಇರಲಿ. ತಂತಿ ಸಿಗಿಸುವ ಪೋರ್ಟುಗಳು ಗಿಗಾಬಿಟ್ (1000 ಎಂಬಿಪಿಎಸ್) ಇವೆಯಾ ಅಂತ ಅಂಗಡಿಯಲ್ಲೇ ಖಚಿತ ಮಾಡಿಕೊಳ್ಳಿ. 1200 ಎಂಬಿಪಿಎಸ್ ಅಂತ ದಪ್ಪ ಅಕ್ಷರದಲ್ಲಿ ಬರೆದು, ಹಿಂದೆ 100 ಎಂಬಿಪಿಎಸ್ ಪೋರ್ಟ್ ಕೊಡುವ ಅಗ್ಗದ ರೂಟರ್‌ಗಳು ಈಗಲೂ ಮಾರಾಟಕ್ಕಿವೆ. ಅದನ್ನು ತಂದರೆ ನಿಮ್ಮ 150ರಲ್ಲಿ 50 ಬಾಗಿಲಲ್ಲೇ ಉಳಿಯಿತು. ಎಸ್‌ಕ್ಯೂಎಂ ಇಲ್ಲದಿದ್ದರೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೂಟರ್ ತಂತ್ರಾಂಶ ಹಾಕಲು ಬರುವ ಮಾದರಿಯಾ ಅಂತ ನೋಡಿ. ಬರೀ ಕ್ಯೂಒಎಸ್ (ಯಾವ ಡೇಟಾ ಮೊದಲು ಹೋಗಬೇಕು ಅಂತ ನಿರ್ಧರಿಸುವ ಸೌಲಭ್ಯ) ಅಂತ ಬರೆದಿದ್ದರೆ ನಂಬಬೇಡಿ, ಎಷ್ಟೋ ರೂಟರಿನಲ್ಲಿ ಅದು ಹೆಸರಿಗೆ ಮಾತ್ರ. ನಿಮ್ಮ 150ಕ್ಕೆ ಸಾಧಾರಣ ರೂಟರೇ ಸಾಕು. 500ರ ಪ್ಲಾನ್ ಆಗಿದ್ದರೆ ಎಸ್‌ಕ್ಯೂಎಂಗೆ ಬಲವಾದ ಪ್ರೊಸೆಸರ್ ಬೇಕಾಗುತ್ತಿತ್ತು. ಹದಿನಾಲ್ಕು ಸಾವಿರ ಖಂಡಿತ ಬೇಡ.

ಹೊಸದು ತಂದ ಮೇಲೆ ಕಂಪನಿಯವರಿಗೆ ಫೋನ್ ಮಾಡಿ ಹಳೇ ಡಬ್ಬವನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ನೆಟ್ ದಾಟಿಸುವುದಷ್ಟೇ) ಹಾಕಿಸಿ. ಇಲ್ಲದಿದ್ದರೆ ಒಂದರ ಹಿಂದೆ ಒಂದು ಎರಡು ನ್ಯಾಟ್ (ಒಂದೇ ಹೊರವಿಳಾಸವನ್ನು ಒಳಗಿನ ಎಲ್ಲ ಯಂತ್ರಗಳಿಗೂ ಹಂಚುವ ಕೆಲಸ) ಆಗುತ್ತದೆ. ವ್ಯಾಲರಂಟ್‌ಗೆ ಅದು ತೊಂದರೆ ಕೊಡುವುದಿಲ್ಲ, ಅದರ ಆಟವೆಲ್ಲ ಕಂಪನಿಯ ಸರ್ವರ್‌ನಲ್ಲೇ ನಡೆಯುತ್ತದೆ. ಆದರೆ ಸ್ನೇಹಿತರೊಬ್ಬರ ಯಂತ್ರದಲ್ಲೇ ನಡೆಯುವ ಆಟಗಳು, ಕೆಲವು ಕನ್ಸೋಲ್ ಆಟಗಳ ವಾಯ್ಸ್ ಚಾಟ್ ತಕರಾರು ಮಾಡುತ್ತವೆ.

ಇನ್ನೊಬ್ಬರು (ವಿಜಯನಗರ):
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ ಸರ್. ನನ್ನ ಮಗ ಪಿಯುಸಿ. ಪಿಎಸ್5ನಲ್ಲಿ ನ್ಯಾಟ್ ಸ್ಟ್ರಿಕ್ಟ್ (ಬೇರೆ ಆಟಗಾರರ ಜೊತೆ ನೇರ ಸಂಪರ್ಕಕ್ಕೆ ತಡೆ) ಬರುತ್ತಿದೆ ಅಂತ ಯಾವುದೋ ವಿಡಿಯೋ ನೋಡಿ ಡಿಎಂಝಡ್ ಆನ್ ಮಾಡಿದ್ದಾನೆ. ತನ್ನ ಕಂಪ್ಯೂಟರಿಗೂ ಫೈರ್‌ವಾಲ್ ಆಫ್ ಮಾಡಿದ್ದಾನೆ. ಇದು ಸರಿಯಾ?

ಉತ್ತರ:
ಮೇಡಂ, ಎರಡನ್ನೂ ಇವತ್ತೇ ಹಿಂದಿನಂತೆ ಮಾಡಿಸಿ. ಡಿಎಂಝಡ್ ಅಂದರೆ ಹೊರಗಿನಿಂದ ಬರುವ ಎಲ್ಲವನ್ನೂ ಒಂದೇ ಯಂತ್ರಕ್ಕೆ ನೇರ ಬಿಡುವುದು. ಆ ವಿಳಾಸದಲ್ಲಿ ನಾಳೆ ಪಿಎಸ್5 ಬದಲು ಕಂಪ್ಯೂಟರ್ ಬಂದು ಕೂತರೆ, ಅದೂ ಫೈರ್‌ವಾಲ್ ಇಲ್ಲದೆ, ಬಾಗಿಲು ಪೂರ್ತಿ ತೆರೆದ ಹಾಗೇ.

ತಮಾಷೆ ಏನೆಂದರೆ, ಅವನು ಮಾಡಿದ್ದು ಬಹುಶಃ ಸುಮ್ನೆ ದಂಡ. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ಐಪಿ (ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) ನೋಡಿ. 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮ ನೆಟ್ ಕಂಪನಿ ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚಿದೆ. ಸಿಜಿ-ನ್ಯಾಟ್ ಅನ್ನುವುದು ಇದನ್ನೇ. ಆಗ ನೀವು ರೂಟರಿನಲ್ಲಿ ಏನೇ ತೆರೆದರೂ ಹೊರಗಿನ ಬಾಗಿಲು ಕಂಪನಿಯ ಕೈಯಲ್ಲೇ ಇರುತ್ತದೆ. ಸ್ಟ್ರಿಕ್ಟ್ ಹೋಗಲೇಬೇಕು ಅಂದರೆ ಅವರಿಂದ ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೇಳಿ, ಆಟಕ್ಕೆ ಬೇಕಾದ ಪೋರ್ಟ್ (ನಂಬರ್ ಇರುವ ಒಳದಾರಿ) ಮಾತ್ರ ಫಾರ್ವರ್ಡ್ ಮಾಡಿಸಿ. ಮಗನಿಗೆ ಬೈಯಬೇಡಿ, ಆ ಮಟ್ಟಕ್ಕೆ ರೂಟರ್ ಬಿಚ್ಚಿ ನೋಡುವ ಹುಡುಗ ಮುಂದೆ ನಮ್ಮ ಕೆಲಸಕ್ಕೇ ಬರಬಹುದು.

ಈಗ ಜೆ.ಪಿ. ನಗರದವರ ಪಾಸ್‌ವರ್ಡ್ ಪ್ರಶ್ನೆ. ಪಕ್ಕದ ಮನೆಯವರು ಒಳ್ಳೆಯವರೇ ಇರಬಹುದು. ಅವರ ಫೋನಿನಲ್ಲಿ ಏನಿದೆ ಅಂತ ನಿಮಗೆ ಗೊತ್ತಿಲ್ಲ, ಅಲ್ವಾ? ಅದು ನಿಮ್ಮ ಕಂಪ್ಯೂಟರ್ ಇರುವ ನೆಟ್‌ವರ್ಕ್‌ನಲ್ಲೇ ಓಡಾಡುತ್ತದೆ. ಅವರು ರಾತ್ರಿ ಸಿನಿಮಾ ಇಳಿಸಿದರೆ ನಿಮ್ಮ ಪಿಂಗ್ ಕೂಡ ಹೋಗುತ್ತದೆ. ಪಾಸ್‌ವರ್ಡ್ ಬದಲಿಸಿ. ಕೊಡಲೇಬೇಕಾದ ದಾಕ್ಷಿಣ್ಯ ಇದ್ದರೆ ಗೆಸ್ಟ್ ನೆಟ್‌ವರ್ಕ್ ಮಾಡಿ ಅದನ್ನು ಕೊಡಿ. ಸಿಸಿಟಿವಿ, ಸ್ಮಾರ್ಟ್ ಬಲ್ಬ್ ಇದ್ದರೆ ಅವನ್ನೂ ಅಲ್ಲಿಗೇ ಹಾಕಿ.

ಆದರೆ ವೈಫೈ ಪಾಸ್‌ವರ್ಡ್‌ಗಿಂತ ಜನ ಮರೆಯುವುದು ಇನ್ನೊಂದನ್ನು. ರೂಟರಿನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಲು ಬೇರೆ ಪಾಸ್‌ವರ್ಡ್ ಇದೆಯಲ್ಲ, ಅದು ಬಹಳ ಮನೆಗಳಲ್ಲಿ ಇನ್ನೂ 'ಅಡ್ಮಿನ್' ಅಂತಲೇ ಇರುತ್ತದೆ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಇಂಥ ಸುಮಾರು 60 ಸಿದ್ಧ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಲಕ್ಷಾಂತರ ರೂಟರ್, ಕ್ಯಾಮೆರಾಗಳನ್ನು ವಶ ಮಾಡಿಕೊಂಡಿತ್ತು. ಅದನ್ನು ಬರೆದವರು ಅಮೆರಿಕದ ಮೂವರು ಯುವಕರು, ಮೈನ್‌ಕ್ರಾಫ್ಟ್ ಸರ್ವರ್‌ಗಳನ್ನು ಉರುಳಿಸುವ ದಂಧೆಯಲ್ಲಿದ್ದವರು. ಗೇಮಿಂಗ್ ಲೋಕದಿಂದಲೇ ಹುಟ್ಟಿದ ಪೀಡೆ ಅದು.

ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈ ಸೇರುವ ಸೌಲಭ್ಯ) ಆಫ್ ಮಾಡಿ. ಅದರ 8 ಅಂಕಿಯ ಪಿನ್ ಅನ್ನು ರೂಟರ್ ಎರಡು ತುಂಡಾಗಿ ಪರೀಕ್ಷಿಸುತ್ತದೆ, ಹಾಗಾಗಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತದೆ. ಈ ದೋಷ 2011ರಲ್ಲೇ ಬಯಲಾಗಿದೆ. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರಿನ ಸೆಟ್ಟಿಂಗ್ಸ್ ಬದಲಿಸುವುದು) ಬೇಡ. ಯುಪಿಎನ್‌ಪಿ (ಆಟಗಳು ತಾವೇ ರೂಟರಿನಲ್ಲಿ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಕೂಡ, ಕನ್ಸೋಲ್ ಇಲ್ಲದ ನಿಮಗೆ ಬೇಡ. ಫರ್ಮ್‌ವೇರ್ (ರೂಟರಿನ ಒಳಗಿನ ತಂತ್ರಾಂಶ) ಅಪ್‌ಡೇಟ್ ತಾನಾಗೇ ಆಗುವಂತೆ ಇಡಿ. ವೈಫೈ ಹೆಸರು ಬಚ್ಚಿಡುವುದು, ಮ್ಯಾಕ್ ಫಿಲ್ಟರ್ (ಪಟ್ಟಿಯಲ್ಲಿರುವ ಸಾಧನಗಳನ್ನಷ್ಟೇ ಒಳಗೆ ಬಿಡುವುದು) ಹಾಕುವುದು ಬರೀ ಸಮಯ ಹಾಳು. ವೈಫೈ ಡಬ್ಲ್ಯೂಪಿಎ3ಗೆ ಹಾಕಿ, ಅಮ್ಮನ ಹಳೇ ಫೋನ್ ಹತ್ತಿಕೊಳ್ಳದಿದ್ದರೆ ಡಬ್ಲ್ಯೂಪಿಎ2, 3 ಎರಡೂ ಸೇರಿದ್ದನ್ನು ಆರಿಸಿ.

ಪ್ರಶ್ನೆ ಕೇಳಿದವರು:
ಸರ್, ಕೊನೇದಾಗಿ ಒಂದು. ತಂತಿ ಎಳೆಸಿದೆ, ವ್ಯತ್ಯಾಸ ಈಗಲೇ ಗೊತ್ತಾಗುತ್ತಿದೆ. ಆದರೆ ಕರೆಂಟ್ ಹೋಗಿ ಬಂದರೆ ನೆಟ್ ಬರಲು ಐದು ನಿಮಿಷ. ಕಂಪ್ಯೂಟರ್ ಯುಪಿಎಸ್ ಮೇಲಿದೆ, ಹಾಲ್‌ನಲ್ಲಿರುವ ಡಬ್ಬಕ್ಕೆ ಇಲ್ಲ. ರ‍್ಯಾಂಕ್ಡ್ ಮ್ಯಾಚ್ ಮಧ್ಯೆ ಹೋದರೆ ಪೆನಾಲ್ಟಿ ಬೀಳುತ್ತದೆ.

ಉತ್ತರ:
ರೂಟರಿಗೆಂದೇ ಸಿಗುವ ಪುಟ್ಟ 12 ವೋಲ್ಟ್ ಯುಪಿಎಸ್ ತಗೊಳ್ಳಿ. ಹೊಸ ರೂಟರ್ ಬಂದ ಮೇಲೆ ಹಳೇ ಡಬ್ಬ, ರೂಟರ್ ಎರಡಕ್ಕೂ ಬೇಕು, ಒಂದಕ್ಕೆ ಮಾತ್ರ ಹಾಕಿದರೆ ಪ್ರಯೋಜನ ಇಲ್ಲ. ಎರಡೂ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಫೋಟೋ ಹಾಕಿ, ಯಾವುದು ತಡೆಯುತ್ತದೆ ಅಂತ ಹೇಳುತ್ತೇನೆ.